ಅಮ್ಮ ಕೇಳಿದ ಹುರುಳಿ ಪಿಠಲ

ನಾವಾಗ ಠಾಣೆ ನಗರದ ಕೋಪರಿಯಲ್ಲಿ, ರೈಲಿನ ಅನೌನ್ಸ್‌ಮೆಂಟ್ ಕಿವಿಗೆ ಬೀಳುವಷ್ಟು ಹತ್ತಿರದ ಹಳೆಯ ಬಿಲ್ಡಿಂಗಿನಲ್ಲಿದ್ದೆವು. ಒಂದು ರೂಮು, ಒಂದು ಅಡುಗೆಮನೆ. ಮೊಬೈಲು ಅಪ್ಪನ ಜೇಬಿನಲ್ಲಿ ಮಾತ್ರ ಇದ್ದ ಕಾಲ ಅದು. ಅಮ್ಮ ಒಗ್ಗರಣೆಗೆ ಮೆಣಸು ಹಾಕಿದರೆ ರೂಮಿನಲ್ಲಿ ಹೋಂವರ್ಕ್ ಬರೆಯುತ್ತಿದ್ದ ನನಗೆ ಸೀನು ಬರುತ್ತಿತ್ತು.

ನಾನು ನಾಲ್ಕನೇ ಕ್ಲಾಸು ಮುಗಿಸಿದ ಆ ಬೇಸಿಗೆಯಲ್ಲಿ ಒಗ್ಗರಣೆಯ ಸದ್ದೇ ನಿಂತುಹೋಗಿತ್ತು. ಅಮ್ಮ ಬಸುರಿ. ಏನು ತಿಂದರೂ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ರಜೆಗೆಂದು ಉಡುಪಿಗೆ ಹೋದಾಗ ಅಮ್ಮನ ಅಮ್ಮ, ನನ್ನ ಅಜ್ಜಿ, ದಿನಕ್ಕೊಂದು ಬಗೆ ಮಾಡಿ ಬಡಿಸಿದರು. ಕುಚ್ಚಲಕ್ಕಿ ಗಂಜಿಯ ಪರಿಮಳಕ್ಕೂ ಅಮ್ಮ ಬಾಯಿ ಮುಚ್ಚಿಕೊಂಡು ಅಂಗಳಕ್ಕೆ ಓಡುತ್ತಿದ್ದರು. ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ಹೀಗೇ ಆದರೆ ಮಗುವಿಗೆ ಕಷ್ಟ ಎಂದು ಡಾಕ್ಟರು ಹೇಳಿದ್ದನ್ನು ನಾನು ಬಾಗಿಲ ಮರೆಯಿಂದ ಕೇಳಿಸಿಕೊಂಡಿದ್ದೆ.

ಅಪ್ಪ ಠಾಣೆಯ ಉಡುಪಿ ಹೋಟೆಲೊಂದರಲ್ಲಿ ಮ್ಯಾನೇಜರು. ಜೂನಿನಲ್ಲಿ ಅವರು ರಜೆ ಹಾಕಿ ನಮ್ಮನ್ನು ಕರೆದೊಯ್ಯಲು ಬಂದರು. ವಾಪಸು ಬರುವಾಗ ಬೆಳಗಿನ ಜಾವ ರೈಲು ಕೊಂಕಣದ ಯಾವುದೋ ಸಣ್ಣ ಸ್ಟೇಷನ್ನಿನಲ್ಲಿ ನಿಂತಿತು. ಮುಂದೆ ಹಳಿಯ ಮೇಲೆ ಗುಡ್ಡ ಜರಿದಿತ್ತು. ಮಧ್ಯಾಹ್ನವಾದರೂ ಹೊರಡುವ ಸುದ್ದಿಯಿಲ್ಲ. ಕಟ್ಟಿಕೊಂಡು ಬಂದಿದ್ದ ಇಡ್ಲಿ ಹುಳಿಯಾಗಿತ್ತು. ಊರಿನವರು ಚಹಾ, ನೀರು ತಂದುಕೊಡುತ್ತಿದ್ದರು. ಅವರಲ್ಲಿದ್ದ ಒಬ್ಬ ಮುದುಕಿ ಅಮ್ಮನ ಮುಖ ನೋಡಿದವರೇ ಏನನ್ನೂ ಕೇಳದೆ ಕೈಹಿಡಿದು ಸ್ಟೇಷನ್ನಿನ ಹಿಂದಿನ ತಮ್ಮ ಮನೆಗೆ ಕರೆದುಕೊಂಡು ಹೋದರು. ಅಪ್ಪನೂ ನಾನೂ ಹಿಂದೆ ಹೋದೆವು.

ಅವರು ಅಡುಗೆ ಮಾಡುವುದನ್ನು ನಾನು ಒಲೆಯ ಹತ್ತಿರವೇ ಕೂತು ನೋಡಿದೆ. ಹುರುಳಿ ಹಿಟ್ಟನ್ನು ನೀರಿನಲ್ಲಿ ಕಲಸಿ, ಒಗ್ಗರಣೆಗೆ ಸುರಿದು, ಕಂದು ಬಣ್ಣದ ಗಂಜಿಯಂತೆ ಕುದಿಸಿದರು. ಅದಕ್ಕೆ ಪಿಠಲ ಅನ್ನುತ್ತಾರೆಂದು ಅಪ್ಪ ಹೇಳಿದರು. ಭಾಕರಿ ಎನ್ನುವ ಬಿಸಿ ಅಕ್ಕಿ ರೊಟ್ಟಿಯ ಮೇಲೆ ಅದನ್ನು ಸುರಿದುಕೊಟ್ಟರು. ಅಮ್ಮ ಒಂದು ಭಾಕರಿ ತಿಂದರು. ಆಮೇಲೆ, ತಿಂಗಳುಗಳಲ್ಲಿ ಮೊದಲ ಸಲ, ಇನ್ನೊಂದು ಕೇಳಿದರು. ಅಪ್ಪ ತಮ್ಮ ತಟ್ಟೆ ಮರೆತು ಅಮ್ಮನನ್ನೇ ನೋಡುತ್ತಿದ್ದರು. ರೈಲು ಠಾಣೆ ಮುಟ್ಟುವವರೆಗೂ ಆ ಊಟ ಹೊಟ್ಟೆಯಲ್ಲೇ ನಿಂತಿತ್ತು.

ಕೋಪರಿಗೆ ಬಂದ ಮೇಲೆ ಮತ್ತೆ ಹಳೆಯ ಕಥೆ. ಅಮ್ಮ ಒಂದು ಸಂಜೆ ಗೋಡೆಗೆ ಒರಗಿಕೊಂಡು ಮೆಲ್ಲಗೆ ಹೇಳಿದರು, "ಆವತ್ತು ಆ ಅಜ್ಜಿ ಕೊಟ್ಟದ್ದು ಉಂಟಲ್ಲ, ಅದು ಸಿಕ್ಕಿದ್ರೆ ತಿನ್ನಬಹುದಿತ್ತು."

ಹೋಟೆಲಿನಲ್ಲಿ ಗಲ್ಲಾ ಮೇಲೆ ಕೂರುವ ಅಪ್ಪ ಮನೆಯಲ್ಲಿ ಸೌಟು ಹಿಡಿದವರಲ್ಲ. ಆದರೂ ಮರುದಿನವೇ ವಾಶಿ ಮಾರ್ಕೆಟ್ಟಿನಿಂದ ಹುರುಳಿ ತಂದರು. ಹುರಿದು, ಗಿರಣಿಯಲ್ಲಿ ಬೀಸಿಸಿದರು. ಮೊದಲ ದಿನ ಪಿಠಲ ಗಂಟುಗಂಟಾಯಿತು. ಎರಡನೆಯ ಸಲ ಇಂಗು ಹಾಕಿದರು, ಇನ್ನೊಮ್ಮೆ ಹುಳಿಗೆಂದು ಪುನರ್ಪುಳಿ ಹಣ್ಣಿನ ಒಣಸಿಪ್ಪೆ. ಅಮ್ಮ ಅವರ ಸಮಾಧಾನಕ್ಕೆ ಒಳ್ಳೆದಾಗಿದೆ ಎಂದರು, ತಟ್ಟೆಯನ್ನು ಮಾತ್ರ ಪಕ್ಕಕ್ಕೆ ಸರಿಸಿದರು.

ಅಪ್ಪ ನನ್ನನ್ನು ಕೂರಿಸಿಕೊಂಡರು. ನೀನು ಒಲೆಯ ಹತ್ತಿರ ಇದ್ದೆಯಲ್ಲ, ಅವರು ಏನೇನು ಹಾಕಿದರು ಎಂದು ಕೇಳಿದರು. ನಾನು ಎಣ್ಣೆ, ಸಾಸಿವೆ, ಮೆಣಸು ಎಂದು ಹೇಳುತ್ತಾ ಬಂದು ನಿಲ್ಲಿಸಿದೆ. ಮುಂದಿನದು ಮೂವರಿಗೂ ಗೊತ್ತಿತ್ತು. ಆ ಮನೆಯಲ್ಲಿ ಮೂಗಿಗೆ ಬಡಿದಿದ್ದೇ ಅದು. ರೈಲಿನಲ್ಲಿ ಯಾರೂ ಅದರ ಸುದ್ದಿ ಎತ್ತಿರಲಿಲ್ಲ.

"ಬೆಳ್ಳುಳ್ಳಿ," ಎಂದೆ.

ನಮ್ಮ ಮನೆಯ ಹೊಸ್ತಿಲು ದಾಟದ ವಸ್ತು ಅದು. ಅಮ್ಮ ಅದರಲ್ಲಿ ಅಪ್ಪನಿಗಿಂತ ಕಟ್ಟುನಿಟ್ಟು. ಅಪ್ಪ ಅಮ್ಮನ ಕಡೆ ನೋಡಿದರು. ಅಮ್ಮ ಅಡುಗೆಮನೆಯ ಮೂಲೆಯಲ್ಲಿದ್ದ ದೇವರ ಗೂಡಿನ ಕಡೆ ನೋಡಿದರು. ಹೊರಗೆ ಮಳೆ ಸುರಿಯುತ್ತಿತ್ತು. ಕೊನೆಗೆ ಅಮ್ಮನೇ ಹೇಳಿದರು.

"ಆ ಪರದೆ ಸ್ವಲ್ಪ ಎಳೀರಿ."

ಅಪ್ಪ ದೇವರ ಮುಂದಿನ ಪರದೆ ಎಳೆದು, ಕೊಡೆ ಹಿಡಿದು ಇಳಿದುಹೋದರು. ಒಂದು ಗಡ್ಡೆ ಬೆಳ್ಳುಳ್ಳಿಯನ್ನು ಪೇಪರಿನಲ್ಲಿ ಸುತ್ತಿ, ಕಳ್ಳಮಾಲಿನಂತೆ ಅಂಗಿಯೊಳಗಿಟ್ಟುಕೊಂಡು ಬಂದರು. ಸಿಪ್ಪೆಯನ್ನು ಪೂರ್ತಿ ಸುಲಿಯಬೇಕೆ ಎಂದು ನನ್ನನ್ನು ಕೇಳಿದರು. ಬೇಡ, ಆ ಅಜ್ಜಿ ಸಿಪ್ಪೆ ಸಮೇತ ಜಜ್ಜಿದ್ದರು ಎಂದೆ. ಲೋಟದ ತಳದಲ್ಲಿ ಇಬ್ಬರೂ ಜಜ್ಜಿದೆವು. ಎಣ್ಣೆಗೆ ಬಿದ್ದದ್ದೇ ತಡ, ಕೊಂಕಣದ ಆ ಅಡುಗೆಮನೆ ನಮ್ಮ ಮನೆಯೊಳಗೆ ಬಂದುಬಿಟ್ಟಿತು. ಭಾಕರಿ ತಟ್ಟುವುದು ನಮ್ಮಿಬ್ಬರಿಗೂ ಬಾರದು, ಅನ್ನಕ್ಕೇ ಸುರಿದೆವು.

ಅಮ್ಮ ಕಲಸಿಕೊಂಡು ಒಂದು ತುತ್ತು ತಿಂದರು. ಇನ್ನೊಂದು ತಿಂದರು. ಈಗ ಏಳುತ್ತಾರೆ, ಈಗ ಬಚ್ಚಲಿಗೆ ಓಡುತ್ತಾರೆ ಎಂದು ನಾವಿಬ್ಬರೂ ಕಾದೆವು. ಅವರು ಏಳಲಿಲ್ಲ.

"ಅದರ ಹಾಗೆ ಆಗ್ಲಿಲ್ಲ," ಎಂದರು. "ಇನ್ನೊಂದು ಸೌಟು ಹಾಕಿ."

ಆ ಮಳೆಗಾಲವಿಡೀ ಅಪ್ಪ ಹೋಟೆಲಿನಲ್ಲಿ ಗಿರಾಕಿ ಕಮ್ಮಿಯಾಗುವ ಮಧ್ಯಾಹ್ನದ ಹೊತ್ತಿಗೆ ಮನೆಗೆ ಬಂದು ಪಿಠಲ ಮಾಡುತ್ತಿದ್ದರು. ಸ್ಕೂಲಿನಿಂದ ಬಂದ ನಾನು ಬೆಳ್ಳುಳ್ಳಿ ಜಜ್ಜುತ್ತಿದ್ದೆ. ಅಮ್ಮನ ಕೆನ್ನೆ ತುಂಬಿಕೊಂಡಿತು, ಬಳೆ ಮಣಿಕಟ್ಟಿನಲ್ಲಿ ನಿಂತಿತು. ದೀಪಾವಳಿ ಕಳೆದು ಬಾಣಂತನಕ್ಕೆಂದು ಉಡುಪಿಯಿಂದ ಬಂದ ಅಜ್ಜಿ ಅಡುಗೆಮನೆಗೆ ಕಾಲಿಟ್ಟು ಒಮ್ಮೆ ಮೂಸಿದರು. ಮಗಳನ್ನು ತಲೆಯಿಂದ ಕಾಲಿನವರೆಗೆ ನೋಡಿದರು. "ಕಿಟಕಿ ತೆಗೆದಿಡು, ಗಾಳಿ ಬರ್ಲಿ," ಎಂದಷ್ಟೇ ಹೇಳಿ ಕೈಕಾಲು ತೊಳೆಯಲು ಹೋದರು. ಮುಂದಿನ ವಾರ ತಮ್ಮ ಹುಟ್ಟಿದ, ಗುಂಡಗೆ, ಗಟ್ಟಿ ದನಿಯವ.

ಈಗ ನಾವು ಠಾಣೆ ಬಿಟ್ಟು ಕಾಮೋಠೆಯಲ್ಲಿದ್ದೇವೆ. ಅಜ್ಜಿ ಇಲ್ಲ. ಅಪ್ಪ ರಿಟೈರಾಗಿದ್ದಾರೆ, ಮಂಡಿನೋವು ಬಿಟ್ಟರೆ ಆರಾಮ. ತಮ್ಮ ಅವರಿಗಿಂತ ಎತ್ತರ ಬೆಳೆದಿದ್ದಾನೆ. ಅಮ್ಮ ಕನ್ನಡದಲ್ಲಿ ಊಟಕ್ಕೆ ಕರೆದರೆ ಬಾಗಿಲು ಹಾಕಿಕೊಂಡ ಕೋಣೆಯಿಂದ ಹಿಂದಿಯಲ್ಲಿ ಉತ್ತರ ಕೊಡುತ್ತಾನೆ. ಹಸಿವಾದವರು ಹಸಿವಾದಾಗ ಬಿಸಿ ಮಾಡಿಕೊಂಡು ತಿನ್ನುತ್ತೇವೆ. ಯಾರಿಗೂ ಏನೂ ಕಮ್ಮಿಯಿಲ್ಲ. ಆದರೆ ಒಬ್ಬರು ಉಣ್ಣುವುದನ್ನು ಮನೆಯವರೆಲ್ಲ ಉಸಿರು ಬಿಗಿಹಿಡಿದು ನೋಡುತ್ತಾ ಕೂರುವ ಹೊತ್ತು ಈಗ ನಮ್ಮ ಮನೆಯಲ್ಲಿಲ್ಲ. ಅಮ್ಮನ ಸಂಕಟದ ಜೊತೆಗೇ ಬಂದದ್ದು ಅದು, ಮತ್ತೆ ಬರಲಿ ಎಂದು ಬಯಸುವಂಥದ್ದೂ ಅಲ್ಲ.