ನಾಲ್ಕು ಸೆಲ್ಲು, ಒಂದು ಹೆಬ್ಬೆರಳು

ನಮ್ಮ ಮನೆಯ ಗೋಡೆ ಗಡಿಯಾರ ನಿಂತರೆ ಸೆಲ್ ಬದಲಿಸುವವಳು ನನ್ನ ಹೆಂಡತಿ ಶಾರದಾ. ಟಿ.ವಿ. ರಿಮೋಟು ಹಟ ಹಿಡಿದರೆ ನಾನು ಅದನ್ನು ಅಂಗೈಗೆ ಎರಡು ಸಲ ಬಡಿಯುತ್ತೇನೆ, ಸೆಲ್ಲುಗಳನ್ನು ಅದಲುಬದಲು ಮಾಡುತ್ತೇನೆ, ಬಿಸಿಲಿಗಿಡುತ್ತೇನೆ, ಹೊಸದು ಮಾತ್ರ ತರುವುದಿಲ್ಲ. ಸೇಡಂನ ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ವಿದ್ಯುತ್ತಿನ ಪಾಠ ಮಾಡಿದ ಮನುಷ್ಯ ನಾನು. ಬ್ಯಾಟರಿಯ ಚಿತ್ರ ಬಿಡಿಸಿ ಭಾಗಗಳನ್ನು ಗುರುತಿಸಿರಿ ಎಂದರೆ ಇವತ್ತಿಗೂ ಕಣ್ಣುಮುಚ್ಚಿ ಬಿಡಿಸುತ್ತೇನೆ. ಬದಲಿಸಿರಿ ಎಂದು ಯಾವ ಪ್ರಶ್ನೆಪತ್ರಿಕೆಯೂ ಕೇಳಲಿಲ್ಲವಲ್ಲ! ಇದೊಂದು ನಿರುಪದ್ರವಿ ಸೋಮಾರಿತನ ಎಂದೇ ನಂಬಿದ್ದೆ. ಹೋದ ಚಳಿಗಾಲದಲ್ಲಿ ಆ ನಂಬಿಕೆ ಶಹಾಬಾದಿನ ಒಂದು ರಿಪೇರಿ ಅಂಗಡಿಯ ಮೇಜಿನ ಮೇಲೆ ಸತ್ತು ಬಿತ್ತು.

ಹಿಂದಿನದನ್ನು ಸ್ವಲ್ಪ ಹೇಳಬೇಕು. ವಾಡಿಯ ದೇವೀಂದ್ರಪ್ಪ ರೈಲ್ವೆ ಗಾರ್ಡ್ ಆಗಿದ್ದವನು, ನನ್ನ ಜೀವದ ಗೆಳೆಯ. ಹೈದರಾಬಾದಿನ ಹಳೆ ಸಾಮಾನಿನ ಸಂತೆಯಲ್ಲಿ ಒಮ್ಮೆ ಅವನ ಕಣ್ಣಿಗೊಂದು ಡಬ್ಬಿ ಬಿತ್ತು. ಎರಡು ಕಡ್ಡಿ, ಉದ್ದನೆಯ ಆಂಟೆನಾ, ಕುತ್ತಿಗೆಗೆ ಹಾಕಿಕೊಳ್ಳುವ ಪಟ್ಟಿ. ಆಟದ ವಿಮಾನವನ್ನು ನೆಲದಿಂದಲೇ ನಡೆಸುವ ರೇಡಿಯೋ ಅದು. ಜೊತೆಗೆ ವಿಮಾನದೊಳಗೆ ಕೂರಿಸುವ ಬೆಂಕಿಪೊಟ್ಟಣದಷ್ಟು ರಿಸೀವರು. ಆ ರಿಸೀವರಿಗೆ ನಾಲ್ಕು ಚಾರ್ಜಿಂಗ್ ಸೆಲ್ಲುಗಳ ಒಂದು ಕಟ್ಟು. ಹಗುರ ಕಟ್ಟಿಗೆಯಿಂದ ಎಂಟು ತಿಂಗಳು ಕೂತು ನಾವಿಬ್ಬರೂ ಒಂದು ಗ್ಲೈಡರ್ ಕಟ್ಟಿದೆವು. ಎಂಜಿನ್ ಇಲ್ಲ. ಉದ್ದನೆಯ ರಬ್ಬರ್ ಹಗ್ಗ ಎಳೆದು ಬಿಟ್ಟರೆ ಗಾಳಿಪಟದಂತೆ ಏರಿ, ಹಗ್ಗ ಕಳಚಿಕೊಂಡು, ಹದ್ದಿನ ಹಾಗೆ ಸುತ್ತುವುದು. ಕೆಲಸ ಹಂಚಿಕೊಂಡಿದ್ದೆವು. ಹಾರಿಸುವುದು ಅವನು, ಬ್ಯಾಟರಿ ನೋಡಿಕೊಳ್ಳುವುದು ನಾನು. ವಿಜ್ಞಾನದ ಮಾಸ್ತರ ನಾನೇ ತಾನೆ!

ಎರಡು ವರ್ಷ ಚಂದ ಹಾರಿತು. ಆಮೇಲೆ ಒಂದು ರವಿವಾರ ಭಂಕೂರದ ಬಯಲಲ್ಲಿ, ಮೇಲೇರಿದ್ದ ಗ್ಲೈಡರ್ ಇದ್ದಕ್ಕಿದ್ದಂತೆ ಮೂಗು ಕೆಳಗೆ ಮಾಡಿ ನೆಟ್ಟಗೆ ನೆಲಕ್ಕೆ ಬಂತು. ರೆಕ್ಕೆ ಎರಡು ತುಂಡು. ದೇವೀಂದ್ರಪ್ಪ ಕಡ್ಡಿ ಹಿಡಿದವನು ಹಿಡಿದಂತೆಯೇ ನಿಂತಿದ್ದ. "ಮಾಸ್ತರ್, ನನ್ನ ಮಾತು ಕೇಳ್ಲಿಲ್ಲ ಅದು" ಎಂದ. ಎಂಟು ತಿಂಗಳ ಕೆಲಸ ಕಣ್ಣೆದುರು ಪುಡಿಯಾದ ಸಿಟ್ಟಿನಲ್ಲಿ ನಾನೆಂದೆ: "ಬ್ಯಾಟರಿ ಫುಲ್ ಇತ್ತು. ನಿನ್ನ ಹೆಬ್ಬೆರಳು ನಡುಗ್ತು, ಅಷ್ಟೇ."

ಜಗಳವೇನೂ ಆಗಲಿಲ್ಲ. ಜಗಳವಾಗಿದ್ದರೆ ಮುಗಿಯುತ್ತಿತ್ತು. ಮದುವೆ ಮುಂಜಿಗಳಲ್ಲಿ ಭೇಟಿಯಾಗುತ್ತಿದ್ದೆವು, ನಮಸ್ಕಾರ ಹೇಳುತ್ತಿದ್ದೆವು, ವಿಮಾನದ ಮಾತು ಮಾತ್ರ ಇಬ್ಬರೂ ಎತ್ತಲಿಲ್ಲ. ಗ್ಲೈಡರಿನ ಅವಶೇಷಗಳನ್ನೂ ರೇಡಿಯೋವನ್ನೂ ನಾನು ಟ್ರಂಕಿಗೆ ತುರುಕಿ ಅಟ್ಟಕ್ಕೇರಿಸಿದ್ದೆ. ಹೀಗೆ ಹದಿಮೂರು ವರ್ಷ ಹೋಯಿತು.

ನಿವೃತ್ತಿಯಾದ ಮೇಲೆ ಮನುಷ್ಯ ಅಟ್ಟ ಹತ್ತುತ್ತಾನೆ. ನಾನೂ ಹತ್ತಿದೆ. ಟ್ರಂಕು ತೆಗೆದರೆ, ಗಂಡಸರಿಗೆ ಅರವತ್ತರಲ್ಲಿ ಮರಳಿ ಬರುವ ಆ ಹುಚ್ಚು ನನಗೂ ಬಂತು. ಹಾರಿಸಬೇಕು! ರೇಡಿಯೋದ ಬೆನ್ನಿನ ಮುಚ್ಚಳ ತೆಗೆದೆ. ಒಳಗಿನ ಎಂಟು ಸೆಲ್ಲುಗಳ ಮೇಲೆ ಬಿಳಿ ಹಸಿರು ಬೂಷ್ಟು ಹೂಬಿಟ್ಟಿತ್ತು. ಹಳೆ ನಿಕಲ್ ಸೆಲ್ಲುಗಳ ಗುಣವೇ ಅದು. ದುಡಿದರೂ ಸವೆಯುತ್ತವೆ, ಕೂತರೂ ಸೋರುತ್ತವೆ. ಅವಕ್ಕೆ ನೆನಪಿನ ಶಕ್ತಿಯೂ ಇದೆಯೆಂದು ಹೇಳುತ್ತಾರೆ. ಪೂರ್ತಿ ಖಾಲಿ ಮಾಡದೆ ದಿನಾ ಅರ್ಧಕ್ಕೇ ಚಾರ್ಜಿಗಿಟ್ಟರೆ, ತಮ್ಮ ಶಕ್ತಿ ಅಷ್ಟೇ ಎಂದು ನೆನಪಿಟ್ಟುಕೊಂಡು ಅರ್ಧಕ್ಕೇ ಕೈಚೆಲ್ಲುತ್ತವಂತೆ. ಎಷ್ಟು ನಿಜವೋ ಗೊತ್ತಿಲ್ಲ. ಮೇಷ್ಟ್ರುಗಳ ವಿಷಯದಲ್ಲಿ ನಿಜ.

ಎಲ್ಲವನ್ನೂ ಚೀಲಕ್ಕೆ ಹಾಕಿಕೊಂಡು ಶಹಾಬಾದಿಗೆ ಹೋದೆ. ಅಲ್ಲಿ ಮೆಹರುನ್ನೀಸಾ ಬೇಗಂ ಅವರ ಅಂಗಡಿಯಿದೆ. ರೇಡಿಯೋ ರಿಪೇರಿ ಮಾಡುತ್ತಿದ್ದ ಗಂಡನಿಗೆ ಕಣ್ಣು ಮಂದವಾದಾಗ ಬೆಸುಗೆ ಕಡ್ಡಿಯನ್ನು ತಾವು ಕೈಗೆ ತೆಗೆದುಕೊಂಡವರು. ಈಗ ಆ ಊರಿನ ಮಿಕ್ಸರು, ಎಮರ್ಜೆನ್ಸಿ ಲೈಟು, ಕಿವಿಯ ಯಂತ್ರ ಎಲ್ಲವೂ ಅವರ ಮುಂದೆ ತಲೆಬಾಗುತ್ತವೆ. ನಾನು ಅವರಿಗೆ ನಿಕಲ್ ಬ್ಯಾಟರಿಯ ರಾಸಾಯನಿಕ ಕ್ರಿಯೆ ವಿವರಿಸತೊಡಗಿದೆ. ಅವರು ಎರಡು ನಿಮಿಷ ಮರ್ಯಾದೆಯಿಂದ ಕೇಳಿದರು.

"ಮಾಸ್ತರ್ ಸಾಬ್, ಪಾಠ ಆಮ್ಯಾಲ ಮಾಡ್ರಿ. ಮೊದಲ ಆ ಸ್ಟೂಲ್ ಮ್ಯಾಲ ಕುಂದ್ರಿ. ಹೊಲಸು ಭಾಳ ಆಗ್ಯಾದ."

ಲಿಂಬೆರಸದಲ್ಲಿ ಬ್ರಷ್ ಅದ್ದಿ ಬೂಷ್ಟು ಉಜ್ಜಿದರು. ಕರಿ ವೈರಿನ ಸಿಪ್ಪೆ ಸುಲಿದು ತೋರಿಸಿದರು. ಒಳಗಿನ ತಾಮ್ರ ಕಾಡಿಗೆಯಂತೆ ಕಪ್ಪಾಗಿತ್ತು. "ಸೆಲ್ ಸೋರಿದ್ರ ಈ ರೋಗ ವೈರಿನೊಳಗೂ ನಡಕೊಂತ ಹೋಗ್ತದ್ರಿ. ಬರೇ ಸೆಲ್ ಬದಲಿ ಮಾಡಿ ಇದನ್ನ ಬಿಟ್ರ ಕೆಲಸ ಕೆಡ್ತದ" ಎಂದು ವೈರನ್ನೂ ಕತ್ತರಿಸಿ ಎಸೆದರು. ಸೆಲ್ಲಿನ ತಲೆಗೆ ನೇರವಾಗಿ ಬೆಸುಗೆ ಹಾಕಿದರೆ ಬಿಸಿಗೆ ಅದರ ಜೀವವೇ ಹೋಗುತ್ತದೆಂದು, ತಗಡಿನ ನಾಲಿಗೆ ಅಂಟಿಸಿಯೇ ಬರುವ ಹೊಸ ಸೆಲ್ಲುಗಳನ್ನು ತೆಗೆದರು. ನಾಲಿಗೆಗೆ ನಾಲಿಗೆ ಕೂಡಿಸಿ ಚುಕ್ ಎಂದು ಬೆಸೆದರು. ಮೂವತ್ತೊಂದು ವರ್ಷ ನಾನು ಕರಿಹಲಗೆಯ ಮೇಲೆ ಮಾಡಿದ್ದನ್ನು ಆಕೆ ಅಂಗೈಯಲ್ಲಿ ಮಾಡುತ್ತಿದ್ದರು. ಹೊಸ ಕಟ್ಟು ಕೂರಿಸಿ ಗುಂಡಿ ಒತ್ತಿದಾಗ ರೇಡಿಯೋದ ಮುಳ್ಳು ಹಸಿರು ಗೆರೆಯತ್ತ ಜಿಗಿಯಿತು ನೋಡಿ! ನಾನು ಸ್ಟೂಲಿನಿಂದ ಎದ್ದು ನಿಂತು ಚಪ್ಪಾಳೆ ಹೊಡೆದೆ. ರಸ್ತೆಯಲ್ಲಿ ಹೋಗುವವರು ತಿರುಗಿ ನೋಡಿದರು.

"ವಿಮಾನದ್ದು ಉಳದದ್ರಿ" ಎಂದು ಅವರು ಮುರುಕು ಗ್ಲೈಡರಿನ ಹೊಟ್ಟೆಗೆ ಬೆರಳು ಹಾಕಿ, ಸ್ಪಂಜಿನಲ್ಲಿ ಸುತ್ತಿದ್ದ ನಾಲ್ಕು ಸೆಲ್ಲುಗಳ ಕಟ್ಟನ್ನು ಹೊರಗೆಳೆದರು. ಅಂದು ಬಿದ್ದ ಮೇಲೆ ಅದನ್ನು ಯಾರೂ ಬಿಚ್ಚಿರಲಿಲ್ಲ. ಸ್ಪಂಜು ಬಿಡಿಸಿ, ಕನ್ನಡಕ ಏರಿಸಿ, ಕಟ್ಟಿನ ಮೇಲಿದ್ದ ಚೀಟಿಯೊಂದನ್ನು ನಿಧಾನವಾಗಿ ಓದಿದರು.

"ಒಂದು ಸೆಲ್ ವೀಕ್. ಹಾರಿಸುವ ಮೊದಲು ಬದಲಿಸಬೇಕು."

ಕೆಳಗೆ ತಾರೀಖು. ಗ್ಲೈಡರ್ ಬಿದ್ದ ರವಿವಾರಕ್ಕಿಂತ ಹನ್ನೆರಡು ದಿನ ಮೊದಲಿನದು. ದುಂಡನೆಯ ಅಕ್ಷರ, ಕೆಂಪು ಶಾಯಿ. ಸಾವಿರಾರು ಉತ್ತರಪತ್ರಿಕೆಗಳಲ್ಲಿ ಮಕ್ಕಳ ತಪ್ಪು ಹುಡುಕಿದ ನನ್ನದೇ ಅಕ್ಷರ, ನನ್ನದೇ ಶಾಯಿ.

ನಾನು ಪರೀಕ್ಷಿಸಿದ್ದೆ. ಬರೆದೂ ಇಟ್ಟಿದ್ದೆ. ಮರೆತಿದ್ದೆ. ಚಾರ್ಜರಿನ ಕೆಂಪು ದೀಪ ಉರಿದದ್ದನ್ನು ನೋಡಿ ಫುಲ್ ಎಂದುಕೊಂಡಿದ್ದೆ. ಮೇಲೆ ಗಾಳಿಯಲ್ಲಿ ಆ ಬಡ ಸೆಲ್ಲು ಕೈಕೊಟ್ಟಾಗ ರಿಸೀವರು ಕಿವುಡಾಗಿತ್ತು. ನನ್ನ ಮಾತು ಕೇಳಲಿಲ್ಲ ಎಂದು ದೇವೀಂದ್ರಪ್ಪ ಹೇಳಿದ್ದು ಅಕ್ಷರಶಃ ನಿಜ.

ನನ್ನ ಮುಖ ನೋಡಿ ಬೇಗಂ ನೀರು ಕೊಟ್ಟರು. ಎಲ್ಲ ಹೇಳಿದೆ. "ಅವ್ರ ಮನಿ ಎಲ್ಲದ?" ಎಂದರು. ವಾಡಿ ಎಂದೆ. "ಮತ್ಯಾಕ ಇಲ್ಲಿ ಕುಂತೀರಿ? ನಾ ಸೆಲ್ ಕಟ್ತೀನಿ, ನೀವು ನಡೀರಿ."

ವಾಡಿಯ ಬಸ್ಸಿನಲ್ಲಿ ನಾನು ಕೂರಲೇ ಇಲ್ಲ, ಸೀಟು ಇದ್ದರೂ. ನಾಚಿಕೆಯಾಗಬೇಕಿತ್ತು. ಆಗಿತ್ತು ಕೂಡ. ಆದರೆ ಅದಕ್ಕಿಂತ ಜೋರಾಗಿ ಎದೆಯಲ್ಲಿ ಏನೋ ಕುಣಿಯುತ್ತಿತ್ತು. ಹದಿಮೂರು ವರ್ಷ ಬಗೆಹರಿಯದ ಲೆಕ್ಕಕ್ಕೆ ಉತ್ತರ ಸಿಕ್ಕಿತ್ತಲ್ಲ! ಉತ್ತರ ನನಗೇ ತಿರುಗಿಬಿದ್ದರೂ ಉತ್ತರ ಉತ್ತರವೇ.

ದೇವೀಂದ್ರಪ್ಪ ಕಟ್ಟೆಯ ಮೇಲೆ ಕೂತು ಪೇಪರ್ ಓದುತ್ತಿದ್ದ. ನಮಸ್ಕಾರವನ್ನೂ ಹೇಳದೆ ಚೀಟಿ ಕೈಗಿಟ್ಟೆ. ಓದಿದ. ಇನ್ನೊಮ್ಮೆ ಓದಿದ.

"ತಪ್ಪು ನಂದು, ದೇವೀಂದ್ರ. ನಿನ್ನ ಕೈ ನಡುಗಿರ್ಲಿಲ್ಲ."

ಅವನು ತನ್ನ ಬಲಗೈ ಹೆಬ್ಬೆರಳನ್ನು ಮಡಚಿ ಬಿಚ್ಚಿ ನೋಡಿಕೊಂಡ. ಆಮೇಲೆ ಒಳಗೆ ಮುಖ ಮಾಡಿ "ಕಾಶೀಬಾಯಿ, ಹೊರಗ ಬಾ" ಎಂದು ಹೆಂಡತಿಯನ್ನು ಕೂಗಿದ. ಆಕೆ ಹಿಟ್ಟಿನ ಕೈಯಲ್ಲೇ ಬಂದರು. "ಮಾಸ್ತರ್, ಈಗ ಇನ್ನೊಮ್ಮೆ ಹೇಳ್ರಿ. ಜೋರಾಗಿ."

ಹೇಳಿದೆ. ಕಾಶೀಬಾಯಿ ಗಂಡನನ್ನೇ ನೋಡುತ್ತ ನಿಂತರು. "ತಬಲಾ ಯಾಕ ಬಿಟ್ರಿ ಅಂತ ಎಷ್ಟು ಸಲ ಕೇಳೀನಿ ಇವ್ರಿಗೆ. ಕೈ ನಡುಗ್ತದ, ಕೈ ನಡುಗ್ತದ ಅಂತಿದ್ರು. ನಾ ನೋಡಿದ್ರ ಎಂದೂ ನಡುಗಿಲ್ಲರಿ."

ನನಗೆ ತಿಳಿದಿರಲೇ ಇಲ್ಲ. ಭಜನೆಯಲ್ಲಿ ಅವನ ತಬಲಾ ಕೇಳಲೆಂದೇ ಜನ ಬರುತ್ತಿದ್ದ ಕಾಲವಿತ್ತು. ಸಿಟ್ಟಿನಲ್ಲಿ ಆಡಿದ ಒಂದು ವಾಕ್ಯವನ್ನು ನಾನು ಬಯಲಲ್ಲೇ ಬಿಟ್ಟು ಬಂದಿದ್ದೆ. ಅವನು ಅದನ್ನು ಮನೆಗೆ ಹೊತ್ತೊಯ್ದು ತನ್ನ ಕೈಯೊಳಗೆ ಇಟ್ಟುಕೊಂಡಿದ್ದ. ಬೈಯುತ್ತಾನೆಂದು ಕಾದೆ. ಬೈದ, ಮನಸಾರೆ ಬೈದ, ಐದು ನಿಮಿಷ. ಬೈಗುಳ ಮುಗಿದಾಗ ಕೇಳಿದ: "ಹೊಸಾ ಸೆಲ್ ಹಾಕಿದ್ರ ಎಷ್ಟು ವೋಲ್ಟ್ ತೋರಿಸ್ತಾವ?"

ರೆಕ್ಕೆ ಮತ್ತೆ ಕಟ್ಟಲು ಆರು ವಾರ ಬೇಕಾಯಿತು. ಭಂಕೂರದ ಕಡೆ ತೊಗರಿ ಕೊಯ್ದು ಹೊಲ ಬಯಲಾಗಿತ್ತು. ಬೇಗಂ ಕೂಡ ಮೀಟರ್ ಹಿಡಿದು ಬಂದಿದ್ದರು. ತಾವು ಕಟ್ಟಿದ ಕಟ್ಟು ಮೇಲೆ ಹೋಗುವಾಗ ತಾವಿಲ್ಲದಿದ್ದರೆ ಹೇಗೆ? ರೇಡಿಯೋದ ಬಲ ತಗ್ಗಿಸಿ ಪರೀಕ್ಷಿಸಲೆಂದು ಆಂಟೆನಾ ಮಡಚಿ ಮೂವತ್ತು ಹೆಜ್ಜೆ ದೂರ ನಡೆದು, ಕಡ್ಡಿ ಅಲ್ಲಾಡಿಸಿ, ಬಾಲ ಅಲ್ಲಾಡುತ್ತದೋ ಇಲ್ಲವೋ ಎಂದು ನನ್ನಿಂದ ಮೂರು ಸಲ ನೋಡಿಸಿದರು. ಸೆಲ್ಲಿನ ಚೀಟಿಯ ಮೇಲೆ ಈ ಸಲ ಅಕ್ಷರವೂ ಅವರದೇ.

ರಬ್ಬರ್ ಹಗ್ಗ ಬಿಟ್ಟೆವು. ಗ್ಲೈಡರ್ ಸುಂಯ್ ಎಂದು ಏರಿತು, ಹಗ್ಗ ಕಳಚಿತು, ಬಿಸಿಗಾಳಿಯ ಮೇಲೆ ಮೈಚೆಲ್ಲಿ ಸುತ್ತತೊಡಗಿತು. ಎಡಕ್ಕೆ ಎಂದರೆ ಎಡಕ್ಕೆ, ಬಲಕ್ಕೆ ಎಂದರೆ ಬಲಕ್ಕೆ. "ಕೇಳಾಕತ್ತದ! ಮಾಸ್ತರ್, ನನ್ನ ಮಾತು ಕೇಳಾಕತ್ತದ!" ಎಂದು ದೇವೀಂದ್ರಪ್ಪ ಕೂಗುತ್ತಿದ್ದ. ಕಾಶೀಬಾಯಿ ಸೆರಗು ಬಾಯಿಗಿಟ್ಟು ನಗುತ್ತಿದ್ದರು. ನಾನು ನೋಡಿದ್ದು ವಿಮಾನವನ್ನಲ್ಲ, ಅವನ ಹೆಬ್ಬೆರಳನ್ನು. ಬಂಡೆಯ ಹಾಗಿತ್ತು.

ಒಂಬತ್ತು ನಿಮಿಷವಾದ ಮೇಲೆ ಇಳಿಸಲು ತಿರುಗಿಸಿದ. ಖುಷಿಗೆ ಸ್ವಲ್ಪ ಜಾಸ್ತಿಯೇ ತಿರುಗಿಸಿದ. ಹೊಲದಂಚಿನಲ್ಲಿ ಪೇರಿಸಿಟ್ಟಿದ್ದ, ನೆಲಕ್ಕೆ ಹಾಸುವ ಪರಸಿ ಕಲ್ಲಿನ ರಾಶಿಗೆ ರೆಕ್ಕೆಯ ತುದಿ ಟಪ್ ಎಂದು ಬಡಿದು ಮುರಿಯಿತು. ನಾನು ಬಾಯಿ ತೆರೆಯುವ ಧೈರ್ಯ ಮಾಡಲಿಲ್ಲ.

ದೇವೀಂದ್ರಪ್ಪ ಓಡಿಹೋಗಿ ಮುರಿದ ತುದಿಯನ್ನೆತ್ತಿ ತಲೆಯ ಮೇಲೆ ಹಿಡಿದು ತೋರಿಸಿದ. ಮುಖದ ತುಂಬ ನಗು.

"ಇದು ನಂದು!" ಎಂದು ಇಡೀ ಭಂಕೂರಕ್ಕೆ ಕೇಳುವಂತೆ ಕೂಗಿದ. "ಈ ತಪ್ಪು ಮಾತ್ರ ಖರೆ ಖರೆ ನಂದೇ!"