ಬಲಗಡೆಯ ಹೂವು

ನಿನ್ನೆ ಊರಿಗೆ ಹೋಗಿ ಬಂದ ಮಗ ಬಾಳೆಲೆಯ ಪೊಟ್ಟಣವೊಂದನ್ನು ತಂದುಕೊಟ್ಟ. ಬಿಚ್ಚಿದರೆ ಬಾಡಿದ ಸಂಪಿಗೆ. ಬಣ್ಣ ಕಂದಿತ್ತು, ವಾಸನೆ ಮಾತ್ರ ಹಟ ಹಿಡಿದು ಕೂತಿತ್ತು. ನನಗೆ ಮೈದುನನ ನೆನಪಾಯಿತು...

ಸಾಲಿಗ್ರಾಮದ ಹತ್ತಿರದ ಆ ಹಳ್ಳಿಗೆ ನಾನು ಸೊಸೆಯಾಗಿ ಬಂದಾಗ ಮೈದುನ ಮೈಸೂರಿನ ಕಾಲೇಜಿನಲ್ಲಿದ್ದ. ರಜಕ್ಕೆ ಬಂದರೆ ಜಗಲಿಯ ಮೇಲೆ ಕೂತು ಗ್ರೀಕು, ಲ್ಯಾಟಿನ್ನು ಎಂದು ಗಟ್ಟಿಯಾಗಿ ಓದಿಕೊಳ್ಳುತ್ತಿದ್ದ. ಕಾಲೇಜಿನ ಒಬ್ಬ ಪಾದ್ರಿ ಕಲಿಸಿದ್ದಂತೆ. ಆ ಹಳೆಯ ಮಾತನ್ನು ಈಗ ಆಡುವವರೇ ಇಲ್ಲವಂತೆ. ಮತ್ತೆ ಕಲಿತು ಯಾರ ಹತ್ತಿರ ಮಾತಾಡುತ್ತಾನೆ ಎಂಬುದು ನನಗೆ ಆಗಲೂ ಅರ್ಥವಾಗಲಿಲ್ಲ, ಈಗಲೂ ಆಗಿಲ್ಲ. ಆದರೆ ಅತ್ತೆಯ ಗೊಣಗಾಟಕ್ಕೆ ಸೊಪ್ಪು ಹಾಕದೆ ನನಗೆ ಕನ್ನಡದ ಅಕ್ಷರ ತಿದ್ದಿಸಿದವನೂ ಅವನೇ.

ಎರಡನೇ ಮಹಾಯುದ್ಧಕ್ಕೆ ಮುಂಚಿನ ಬೇಸಿಗೆಯಲ್ಲಿ ಪಾದ್ರಿಯವರು ಅವನಿಗೆ ಇಂಗ್ಲೆಂಡಿನಲ್ಲಿ ಡಾಕ್ಟರೇಟಿಗೆ ಸೀಟು ಕೊಡಿಸಿದರು. ಯಾವುದರ ಮೇಲೆ ಬರೆಯುತ್ತೀಯ ಎಂದು ಕೇಳಿದೆ.

"ಆ ಗ್ರೀಕು ಕಾಲ್ದೋರು ಗುಡಿಗೋಗಿ ದೇವ್ರನ್ನ ಏನು ಕೇಳ್ತಿದ್ರು, ಎಂಗ್ ಕೇಳ್ತಿದ್ರು ಅಂತ, ಅತ್ತಿಗೆ" ಎಂದ.

ನಾನು ನಕ್ಕುಬಿಟ್ಟೆ. ಅದಕ್ಕೆ ಸಮುದ್ರ ದಾಟಬೇಕೆ? ನಮ್ಮೂರ ದೇವತೆ ಅಮ್ಮನ ಗುಡಿ ಬೀದಿಯ ಕೊನೆಯಲ್ಲೇ ಇತ್ತಲ್ಲ.

ಅತ್ತೆಗೆ ನಗು ಬರಲಿಲ್ಲ. ಮಾವ ತೀರಿಕೊಂಡ ಮೇಲೆ ಕಿರಿಮಗನೆಂದರೆ ಅವರಿಗೆ ಜೀವ. ಹಾಗೂ ಹೀಗೂ ಎಳೆದಾಡಿ ಕೊನೆಗೆ ಅಮ್ಮನ ಹತ್ತಿರ ಹೂವು ಕೇಳುವುದೆಂದಾಯಿತು. ಪೂಜಾರಪ್ಪ ಅಮ್ಮನ ಮೈಗೆ ಒದ್ದೆ ಸಂಪಿಗೆ ಅಂಟಿಸುತ್ತಿದ್ದ. ಬಲಗಡೆಯದು ಬಿದ್ದರೆ ಬೇಡಿದ್ದು ಆಗುತ್ತದೆ, ಎಡಗಡೆಯದು ಬಿದ್ದರೆ ಇಲ್ಲ. ಬೇಡುವುದನ್ನು ಬಾಯಿಬಿಟ್ಟು ಹೇಳುವಂತಿಲ್ಲ, ಮನಸ್ಸಿನಲ್ಲೇ ಅಂದುಕೊಳ್ಳಬೇಕು. ಒಂದು ಮಂಗಳವಾರ ಅತ್ತೆ, ಮೈದುನ, ನಾನು ಕೈಮುಗಿದು ನಿಂತೆವು. ತುಂಬ ಹೊತ್ತಾದ ಮೇಲೆ ಬಲಗಡೆಯಿಂದ ಒಂದು ಸಂಪಿಗೆ ಜಾರಿತು. ಅತ್ತೆ ಕಣ್ಣೊರೆಸಿಕೊಂಡರು, ಮೈದುನ ನಕ್ಕ. ಸದ್ಯ, ಇಬ್ಬರಿಗೂ ಒಪ್ಪಿಗೆಯಾಯಿತಲ್ಲ ಎಂದುಕೊಂಡೆ.

ಮನೆಗೆ ಬಂದವನೇ ಮೈದುನ ಟ್ರಂಕಿಗೆ ಬಟ್ಟೆ ತುಂಬತೊಡಗಿದ. ಅತ್ತೆ ಬಾಗಿಲಲ್ಲೇ ನಿಂತರು.

"ಅಮ್ಮ ಬಲಕ್ಕೆ ಕೊಟ್ಟವ್ಳೆ. ಇನ್ಯಾಕ್ಲಾ ತುಂಬ್ತಿದ್ದೀಯೆ?"

"ಬಲಕ್ಕೆ ಕೊಟ್ಟಿದ್ಕೇ ತುಂಬ್ತಿರೋದು ಕಣವ್ವ. ಓಗ್ಲಾ ಅಂತ ಕೇಳ್ದೆ, ಓಗು ಅಂದ್ಳು."

"ನನ್ ಮಗ ಇಲ್ಲೇ ಇರ್ಲಿ ಅಂತ ಕೇಳ್ಕಂಡಿದ್ದು ನಾನು."

ಮೈದುನ ಕೈಯಲ್ಲಿದ್ದ ಅಂಗಿಯನ್ನು ಹಿಡಿದೇ ಕೂತುಬಿಟ್ಟ. ಪೂಜಾರಪ್ಪನನ್ನು ಕೇಳಿದರೆ, "ಅಮ್ಮ ಕೊಟ್ಟಿದ್ದು ಒಂದೇ ಹೂವ ಕಣ್ರವ್ವ. ಯಾರ್ ಮಾತ್ಗೆ ಅಂತ ನಂಗೇನ್ ಗೊತ್ತು? ಅದ್ನೇ ಇನ್ನೊಂದ್ ಸಲ ಕೇಳಂಗಿಲ್ಲ" ಎಂದು ಕೈಚೆಲ್ಲಿದ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದು ಸುಮ್ಮನೆ ಹೇಳುತ್ತಾರೆಯೇ!

ಆಮೇಲೆ ಮೈದುನ ಟ್ರಂಕು ತುಂಬುವುದು, ಅತ್ತೆಯ ಮುಖ ನೋಡಿ ಮತ್ತೆ ಬಿಚ್ಚುವುದು... ಅಷ್ಟು ಓದಿದವನು ಒಂದು ಹೂವಿಗೆ ಕಟ್ಟುಬಿದ್ದನಲ್ಲ ಎಂದು ನನಗೆ ಸಿಟ್ಟು. ಒಂದು ದಿನ ಹಾಗೆಂದು ಕೇಳಿಯೂಬಿಟ್ಟೆ.

"ಆ ಕಾಲ್ದೋರೂ ಇಂಗೇ ದೇವ್ರ ಮಾತ್ಗೆ ಸಿಕ್ಕಾಕ್ಕೊಳ್ಳೋರು, ಅತ್ತಿಗೆ. ಅದ್ನ ಓದೋವಾಗ ನಗ್ತಿದ್ದೆ" ಎಂದ.

ಹಡಗು ಅವನಿಲ್ಲದೆ ಹೋಯಿತು. ಹಿಂದೆಯೇ ಯುದ್ಧ ಬಂತು, ಸೀಟೂ ಹೋಯಿತು. ಅವನು ಸಾಲಿಗ್ರಾಮದಲ್ಲಿ ಮೇಷ್ಟರಾದ. ಜಗಲಿಯ ಮೇಲೆ ಗಟ್ಟಿಯಾಗಿ ಓದುವುದು ನಿಂತಿತು.

ಮುಂದಿನ ಸಂಪಿಗೆ ಕಾಲಕ್ಕೆ, ಊರಿನವರಿಂದ ಬಂಜೆ ಅನ್ನಿಸಿಕೊಂಡಿದ್ದ ನನಗೆ ಗಂಡು ಮಗುವಾಯಿತು. ಮಗುವನ್ನು ಮೈದುನನ ಮಡಿಲಿಗೆ ಹಾಕಿ, ಅವತ್ತು ನಾನು ಬೇಡಿಕೊಂಡದ್ದು ಇವನನ್ನು ಎಂದೆ. ಅಲ್ಲಿಯವರೆಗೆ ನನ್ನನ್ನು ಯಾರೂ ಕೇಳಿರಲಿಲ್ಲ. ಸೊಸೆಯೂ ಕೈಮುಗಿದು ನಿಂತಿದ್ದಳು, ಅವಳಿಗೂ ಏನಾದರೂ ಬೇಕಿರಬಹುದು ಎಂದು ಆ ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ನನಗಾದರೂ ಅದು ಲೆಕ್ಕಕ್ಕೆ ಬರುವ ಬೇಡಿಕೆ ಎಂದು ಅನ್ನಿಸಿತ್ತೇ?

ಮೈದುನ ಮಗುವಿನ ಮುಖವನ್ನೇ ನೋಡುತ್ತಿದ್ದ. "ಅಂಗಾದ್ರೆ ಹೂವ ನಿಮ್ದೇ ಬುಡಿ, ಅತ್ತಿಗೆ" ಎಂದ. ನಗುತ್ತಿದ್ದನೋ, ಇನ್ನೇನೋ... ತಲೆ ಬಗ್ಗಿಸಿದ್ದರಿಂದ ಕಾಣಲಿಲ್ಲ.

ಅವನು ತೀರಿಕೊಂಡು ಬಹಳ ವರ್ಷಗಳಾದವು. ಹೂವು ನನ್ನದಾಗಿದ್ದರೆ ಅವನು ಸುಮ್ಮನೆ ಉಳಿದುಬಿಟ್ಟ. ಅವನದಾಗಿದ್ದರೆ ನನ್ನ ಮಗ ಯಾವ ಹೂವಿಗೆ ಹುಟ್ಟಿದ? ಯೋಚಿಸಿದಷ್ಟೂ ತಲೆ ಕೆಡುತ್ತದೆ. ಅವನಿದ್ದಿದ್ದರೆ ಇನ್ನೊಂದು ಸಲ ಕೇಳಬಹುದಿತ್ತು.

"ಅಮ್ಮನ ಪ್ರಸಾದ ಕಣವ್ವ, ಏನಾರ ಕೇಳ್ಕೊ" ಎಂದ ಮಗ.

ಸಂಪಿಗೆಯನ್ನು ಕಣ್ಣಿಗೊತ್ತಿಕೊಂಡೆ. ಏನನ್ನಾದರೂ ಬೇಡಲು ಹೆದರಿಕೆಯಾಯಿತು.