ಐಸ್‌ಕ್ಯಾಂಡಿ ಪೆಟ್ಟಿಗೆಯೊಳಗಿನ ಆಂಟಿಬಾಡಿ

ಕೊಪ್ಪ ಬಸ್‌ಸ್ಟ್ಯಾಂಡ್ ಹತ್ರ ನಂದೊಂದು ಐಸ್‌ಕ್ಯಾಂಡಿ ಅಂಗಡಿ ಇತ್ತು, ಹಿಂದೇನೆ ಮನೆ. ಕೀಟಲೆಯಲ್ಲಿ ಶೃಂಗೇರಿಯಿಂದ ಎನ್.ಆರ್. ಪುರದವರೆಗೆ ನನ್ನ ಮೀರಿಸೋನು ಹುಟ್ಟಿರ್ಲಿಲ್ಲ, ಈಗ್ಲೂ ಹುಟ್ಟಿಲ್ಲ. ಒಂದು ದಿಬ್ಬಣದ ಬಸ್ಸನ್ನೇ ಬೇರೆಯವರ ಮದುವೆಗೆ ಕಳಿಸಿ, ಅಲ್ಲೇ ಉಂಡು ಬರೋ ಹಾಗೆ ಮಾಡಿದವ ನಾನು. ಅದು ಯಾರಿಗೂ ನೆನಪಿಲ್ಲ. ನಾನು ಮಾಡದೇ ಇದ್ದದ್ದು ಮಾತ್ರ ಊರಿಗೆಲ್ಲ ನೆನಪಿದೆ.

ಮೊಬೈಲು ಆಗಷ್ಟೇ ಎಲ್ಲರ ಜೇಬಿಗೆ ಬರ್ತಿದ್ದ ಕಾಲ. ಮುತ್ತಿನಕೊಪ್ಪ ಕಡೆ ಹುಡುಗಿ ಒಬ್ಬಳು ಇಲ್ಲಿ ಕಾಲೇಜಿನ ಒಂದು ರೂಮಲ್ಲಿ ಡಾಕ್ಟರೇಟಿನ ಕೆಲಸ ಮಾಡ್ತಿದ್ಲು. ಕೆರೆಕಟ್ಟೆ ಕಾಡಂಚಿನ ಇಲಿ ಹಿಡಿದು ಅದರ ಮೈಯೊಳಗಿನ ಗಡಿಯಾರ ನೋಡೋದು. ಕಾಲೇಜಲ್ಲಿ ಫ್ರೀಜರ್ ಇರ್ಲಿಲ್ಲ. ಕಿರುಬೆರಳ ತುದಿಯಷ್ಟಿದ್ದ ಟ್ಯೂಬುಗಳ ಡಬ್ಬಿ ಹಿಡ್ಕೊಂಡು ನನ್ನತ್ರ ಬಂದ್ಲು.

"ಅಜ್ಜ, ಇದು ಆಂಟಿಬಾಡಿ. ಮೈಯೊಳಗೆ ಹಗಲು ರಾತ್ರಿ ಲೆಕ್ಕ ಇಡೋ ಪ್ರೋಟೀನು ಒಂದಿದೆ. ಇದು ಹೋಗಿ ಅದಕ್ಕೇ ಅಂಟ್ಕೊಳ್ಳುತ್ತೆ, ಯಾವ ಹೊತ್ತಲ್ಲಿ ಅದು ಎಷ್ಟಿದೆ ಅಂತ ಆಗ ನಂಗೆ ಕಾಣುತ್ತೆ. ಕರಗಿ ಗಟ್ಟಿಯಾಗಿ, ಕರಗಿ ಗಟ್ಟಿಯಾಗಿ ಆದ್ರೆ ಕೆಟ್ಟೋಗುತ್ತೆ. ಬೇರೆ ತರಿಸೋದು ನನ್ನ ಕೈಲಾಗಲ್ಲ."

"ಕ್ಯಾಂಡಿಗೆ ಹಾಕಿದ್ರೆ ಮಕ್ಕಳು ಹೊತ್ತಿಗೆ ಸರಿಯಾಗಿ ಏಳ್ತಾವಾ ಮಾರಾಯ್ತಿ?"

ನಕ್ಕಳು. ಆಮೇಲೆ ಬಂದಾಗೆಲ್ಲ ಒಂದೊಂದು ಬುರುಡೆ ಬಿಡ್ತಿದ್ದೆ. "ನಿನ್ನೆ ಒಂದು ಟ್ಯೂಬು ಶರಬತ್ತಿಗೆ ಹಾಕ್ಕೊಂಡೆ, ಕೋಳಿಗಿಂತ ಮೊದ್ಲು ಎಚ್ಚರಾಯ್ತು." ಡಬ್ಬಿ ಮಾತ್ರ ಕ್ಯಾಂಡಿ ಫ್ರೀಜರಿನ ಪೆಟ್ಟಿಗೆ ತಳದಲ್ಲಿ, ಯಾರೂ ಮುಟ್ಟದ ಹಾಗೆ ಇಟ್ಟಿದ್ದೆ.

ಏಪ್ರಿಲ್ ಬಂತು, ಸಂಜೆಯಾದ್ರೆ ಗುಡುಗು. ನಮ್ಮ ಕಡೆ ಮೊದಲ ಗುಡುಗಿಗೇ ಮನೆಯ ಪ್ಲಗ್ಗೆಲ್ಲ ಕಿತ್ತು ಹಾಕ್ತಾರೆ. ಸಿಡಿಲಿಗೆ ಟೀವಿ ಸುಟ್ಕೊಂಡವರು ಎಲ್ಲಾ ಬೀದೀಲೂ ಇದ್ದಾರೆ. ಆ ಹೊತ್ತಿಗೆ ನಾನು ಸೈಕಲ್ ಶಾಪಿನ ಸಾಹೇಬರ ಹತ್ರ ಹರಟೆಗೆ ಹೋಗಿರ್ತಿದ್ದೆ. ಬೆಳಿಗ್ಗೆ ನೋಡಿದ್ರೆ ಕ್ಯಾಂಡಿ ಕರಗಿ ಸೊಟ್ಟಗಾಗಿರ್ತಿತ್ತು. ಕರೆಂಟು ಹೋಗಿರ್ಬೇಕು ಅಂತ ಬೈಕೊಂಡು ಸುಮ್ಮನಾಗ್ತಿದ್ದೆ, ತಳದಲ್ಲಿರೋದಕ್ಕೆ ಎಂತ ಆಗುತ್ತೆ ಅಂತ.

ಒಂದಿನ ಹುಡುಗಿ ಮುಖ ಕಪ್ಪು ಮಾಡ್ಕೊಂಡು ಬಂದ್ಲು.

"ಒಂದು ಟ್ಯೂಬಿನದ್ದೂ ಅಂಟ್ಕೊಳ್ತಿಲ್ಲ ಅಜ್ಜ. ಇಷ್ಟು ದಿನ ಇಲಿಗಳಿಂದ ತೆಗೆದಿಟ್ಟಿದ್ದೆಲ್ಲ ದಂಡ ಆಯ್ತು. ನಿಜ ಹೇಳಿ, ಎಂತ ಮಾಡಿದ್ರಿ?"

"ಆಣೆ ಮಾಡ್ತೀನಿ, ನಾನು ಮುಟ್ಟಿಲ್ಲ."

"ನೀವು ಆಣೆ ಹಾಕದೇ ಇದ್ದ ದಿನ ಯಾವ್ದಿದೆ? ಶರಬತ್ತಿನ ಮಾತು ತಮಾಷೆ ಅನ್ಕೊಂಡಿದ್ದೆ."

ಹೆಂಡತಿ ಬಾಗಿಲಿಗೆ ಬಂದು, "ಇವರು ಇದೊಂದು ಮಾಡಿರಲ್ಲ ಮಗ" ಅಂದ್ಲು. ಇದೊಂದು ಅಂದಿದ್ದೇ ಸಾಕಾಯ್ತು. ಹುಡುಗಿ ಡಬ್ಬಿ ಎತ್ಕೊಂಡು ಎನ್.ಆರ್. ಪುರದ ಬಸ್ಸು ಹತ್ತಿದ್ಲು.

ಅವತ್ತು ಸಂಜೆ ನಾನು ಎಲ್ಲೂ ಹೋಗ್ಲಿಲ್ಲ. ದೂರದಲ್ಲಿ ಗುಡುಗಿತು. ಹೆಂಡತಿ ಸೆರಗಿಗೆ ಕೈ ಒರೆಸ್ಕೊಂಡು ಬಂದು, ನನ್ನ ಕಣ್ಣೆದುರಿಗೇ ಫ್ರೀಜರಿನ ಪ್ಲಗ್ ಕಿತ್ತಳು.

"ದಿನಾ ಕೀಳ್ತೀಯೇನೇ?"

"ಮತ್ತೆ? ಸುಟ್ಟೋದ್ರೆ ಹೊಸದು ನೀವು ತರ್ತೀರಾ? ಬೆಳಿಗ್ಗೆ ಹಾಕ್ತೀನಲ್ಲ."

ಫೋನು ಮಾಡಿ ಹುಡುಗಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಪೂರ್ತಿ ಕೇಳಿಸ್ಕೊಂಡ್ಲು.

"ಈಗ ಅಜ್ಜಿ ತಲೆಗೆ ಕಟ್ತೀರಾ?" ಅಂತ ಇಟ್ಟುಬಿಟ್ಲು.

ಆಮೇಲೂ ಅವಳ ಬಸ್ಸು ನನ್ನ ಅಂಗಡಿ ಮುಂದೇನೆ ನಿಲ್ತಿತ್ತು. ಅವಳು ಅಂಗಡಿ ಕಾಣದ ಆ ಕಡೆ ಕಿಟಕಿಗೆ ಕೂತಿರ್ತಿದ್ಲು.